ಇಂದ್ರಾಣಿಯನ್ನು ನೋಡಲು ಮಾರ್ಚ್‌ನಲ್ಲಿ ಬನ್ನಿ

ಉಡುಪಿಯ ಇಂದ್ರಾಣಿ ಹೊಳೆಯ ಕಡತ ಸದ್ಯ ಯಾರ ಮೇಜಿನ ಮೇಲಿದೆಯೋ ಆ ಅಧಿಕಾರಿಗಳಿಗೆ, ಮತ್ತು ಹೊಳೆಯ ಎರಡೂ ದಡದ ನನ್ನ ನೆರೆಕರೆಯವರಿಗೆ,

ನಮಸ್ಕಾರ.

ಇಂಥ ಕಚೇರಿಯ ಇಂಥವರಿಗೆ ಎಂದು ಹೆಸರು ಹಾಕಿಯೇ ಬರೆಯಬೇಕೆಂದಿದ್ದೆ. ಆದರೆ ಒಂದು ಕಡೆ ಹೋದರೆ ‘ಹೊಳೆ ನಮಗೆ ಬರುವುದಿಲ್ಲ, ಮೋರಿ ಮಾತ್ರ ನಮ್ಮದು’ ಎನ್ನುತ್ತಾರೆ. ಇನ್ನೊಂದು ಕಡೆ ‘ನೀರಿನ ಸ್ಯಾಂಪಲ್ ತೆಗೆಯುವುದು ನಾವು, ಪೈಪು ಮುಚ್ಚಿಸುವುದು ಅವರು’ ಎನ್ನುತ್ತಾರೆ. ಮೂರನೆಯ ಕಡೆ ಕಾಫಿ ಕೊಟ್ಟು ಕೂರಿಸಿ, ನಾಲ್ಕನೆಯ ಕಚೇರಿಯ ದಾರಿ ತೋರಿಸಿದರು. ಕಾಫಿ ಚೆನ್ನಾಗಿತ್ತು. ಆದ್ದರಿಂದ ವಿಳಾಸ ಹೀಗೆ.

ತಾವು ಈ ಹೊಳೆಯ ಹತ್ತಿರ ಬರುವುದು ಜುಲೈ ತಿಂಗಳಲ್ಲಿ. ಕಲ್ಸಂಕದ ಹತ್ತಿರ ನೀರು ರಸ್ತೆಗೆ ಬಂದಾಗ ಜೀಪು ಬರುತ್ತದೆ, ರೈನ್‌ಕೋಟು ಹಾಕಿದವರು ಇಳಿಯುತ್ತಾರೆ, ಫೋಟೋ ಆಗುತ್ತದೆ. ಮರುದಿನ ‘ತಡೆಗೋಡೆಗೆ ಅಂದಾಜುಪಟ್ಟಿ’ ಎಂಬ ಸುದ್ದಿ. ಅದಕ್ಕೂ ಮೊದಲು ಮೇ ಕೊನೆಗೆ ಜೆಸಿಬಿ ಬಂದು ಹೂಳೆತ್ತಿ ಪಕ್ಕದಲ್ಲೇ ರಾಶಿ ಹಾಕಿ ಹೋಗಿರುತ್ತದೆ, ಮೊದಲ ದೊಡ್ಡ ಮಳೆಗೆ ಆ ಹೂಳು ಮತ್ತೆ ಬಂದಲ್ಲಿಗೇ ಹೋಗಿರುತ್ತದೆ. ಮಳೆಗಾಲದಲ್ಲಿ ಇಂದ್ರಾಣಿ ತುಂಬ ಚಂದ. ಕೆಂಪು ನೀರು ಹರಿದು ಹೋಗುವ ಆ ಮೂರು ನಾಲ್ಕು ತಿಂಗಳು ಅದರ ಮೇಲೆ ನನ್ನ ದೂರು ಒಂದೂ ಇಲ್ಲ. ನಾನು ಕೇಳುವುದು, ಒಂದು ಸಲ ಮಾರ್ಚ್‌ನಲ್ಲಿ ಬನ್ನಿ. ಕಾಲ್ನಡಿಗೆಯಲ್ಲಿ ಬನ್ನಿ. ಮೂಲದಿಂದ, ಮಲ್ಪೆಯ ಹತ್ತಿರ ಹೊಳೆ ಅಗಲವಾಗುವ ಕಲ್ಮಾಡಿಯವರೆಗೆ ನನ್ನ ಜೊತೆ ನಡೆಯಿರಿ.

ಮೊದಲಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ. ಹುಟ್ಟಿದ್ದು ಕೊಡವೂರು ಕಡೆಯ ಬೈಲಿನಲ್ಲಿ, ಅಂದರೆ ತಗ್ಗಿನ ಗದ್ದೆಗಳ ಬಯಲಿನಲ್ಲಿ. ನಮ್ಮ ಮನೆಗೆ ಸ್ವಲ್ಪ ಗದ್ದೆ ಇತ್ತು. ಏಣೆಲು ಬೆಳೆ ಮಳೆಯ ನೀರಿಗೆ, ಸುಗ್ಗಿ ಬೆಳೆ ಇಂದ್ರಾಣಿಯ ನೀರಿಗೆ. ಮಳೆ ನಿಂತು ಹೊಳೆ ಇಳಿಯುವ ಹೊತ್ತಿಗೆ ಬೈಲಿನ ಎಲ್ಲ ಮನೆಯವರೂ ಸೇರಿ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಅಡಿಕೆ ಮರದ ಸಲಾಕೆ ನೆಟ್ಟು, ಸೊಪ್ಪು ತುಂಬಿ, ಮಣ್ಣು ಮೆಟ್ಟಿ ಮೆಟ್ಟಿ ಕೂರಿಸುವುದು. ಮೆಟ್ಟುವ ಕೆಲಸ ಮಕ್ಕಳದು, ಅದಕ್ಕೆ ಕೂಲಿ ಎಂದರೆ ಬೆಲ್ಲ ಅವಲಕ್ಕಿ. ಕಟ್ಟದ ಹಿಂದೆ ನಿಂತ ನೀರು ಗದ್ದೆಗೂ ಆಯಿತು, ಬಾವಿಗೂ ಆಯಿತು. ಕೆಳಗಿನಿಂದ ಉಬ್ಬರದ ಜೊತೆ ಬರುವ ಉಪ್ಪುನೀರಿಗೆ ತಡೆಯೂ ಆಯಿತು. ಮಳೆ ಬರುವ ಮೊದಲು ಕಟ್ಟ ಕಡಿದು ಬಿಡುತ್ತಿದ್ದರು. ಆಮೇಲೆ ಮೊದಲ ಬೊಳ್ಳಕ್ಕೆ, ಅಂದರೆ ಮೊದಲ ನೆರೆನೀರಿಗೆ, ಎದುರಾಗಿ ಮುಗುಡು, ಮಡೆಂಜಿ ಮೀನು ಹತ್ತಿ ಬರುವಾಗ ಲಾಟೀನು ಹಿಡಿದು ರಾತ್ರಿಯೆಲ್ಲ ಗದ್ದೆಯ ಅಂಚಿನಲ್ಲಿ. ಹಾಗೆ ಹತ್ತಿ ಬರುವ ಮೀನು ಹಿಡಿಯುವ ಈ ‘ಉಬೆರ್’ ಎಂದರೆ ಏನೆಂದು ನನ್ನ ಮೊಮ್ಮಗಳು ಕೇಳಿದಾಗ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅವಳು ಕೇಳಿದ್ದು, “ಅಜ್ಜ, ಆ ನೀರಿನ ಮೀನು ತಿನ್ನುತ್ತಿದ್ದಿರಾ?”

ದೊಡ್ಡವನಾಗಿ ನಾನು ಬ್ಯಾಂಕು ಸೇರಿದೆ. ಈ ಊರಿನವರಿಗೆ ಅದು ಹೊಸತಲ್ಲ, ಮನೆಗೊಬ್ಬ ಬ್ಯಾಂಕಿನವ ಇದ್ದ ಕಾಲ. ಬಹಳ ವರ್ಷ ಗೃಹಸಾಲದ ವಿಭಾಗದಲ್ಲಿದ್ದೆ. 1997ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯಾಯಿತು. ಮರುವರ್ಷ ಕೊಂಕಣ ರೈಲು ಪೂರ್ತಿ ಓಡಲು ಶುರುವಾಯಿತು, ಇಂದ್ರಾಳಿಯಲ್ಲಿ ಸ್ಟೇಷನ್. ಅಲ್ಲಿಂದ ಮೇಲೆ ಸೈಟಿನ ಅರ್ಜಿಗಳು ನನ್ನ ಮೇಜಿಗೆ ಬಂದದ್ದೇ ಬಂದದ್ದು. ಆರ್‌ಟಿಸಿ (ಪಹಣಿ), ಗದ್ದೆಯನ್ನು ಮನೆ ಸೈಟಾಗಿ ಬದಲಿಸುವ ಕನ್ವರ್ಷನ್ ಆದೇಶ, ವಕೀಲರ ಅಭಿಪ್ರಾಯ, ಎಂಜಿನಿಯರ ಮೌಲ್ಯಮಾಪನ. ಕಾಗದ ಸರಿ ಇದ್ದರೆ ಸಾಲ ಸರಿ.

ಆ ಕಾಗದಗಳಲ್ಲಿ ನಾನು ಗಮನಿಸಿಯೂ ಸುಮ್ಮನಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಳೆಯ ದಸ್ತಾವೇಜಿನ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಸಾಲಿನಲ್ಲಿ, ‘ಪಡು: ಹೊಳೆ’ (ಪಡುವಣಕ್ಕೆ ಹೊಳೆ) ಎಂದಿರುತ್ತಿತ್ತು. ಅದೇ ಜಾಗ ಎರಡನೇ ಕೈಗೆ ಹೋದಾಗ ‘ಪಡು: ತೋಡು ಪರಂಬೋಕು’, ಅಂದರೆ ಸಣ್ಣ ತೊರೆಯ ಸರ್ಕಾರಿ ಜಾಗ. ಮೂರನೇ ಕೈಗೆ ಬಂದಾಗ ‘ಪಡು: ಚರಂಡಿ’. ಹತ್ತು ಸೆಂಟ್ಸಿನ ತುಂಡುಗಳಾಗಿ ಮಾರಾಟವಾಗುವ ಹೊತ್ತಿಗೆ ‘ಪಡು: ಕಾಂಪೌಂಡ್ ಗೋಡೆ’. ನೀರು ಅದೇ, ದಿಕ್ಕು ಅದೇ. ಗುಮಾಸ್ತನ ಪೆನ್ನಿನಲ್ಲಿ ಹೊಳೆ ಚರಂಡಿಯಾಯಿತು. ಆ ಕಾಗದದ ಮೇಲೆ ನಾನು ಸಹಿ ಹಾಕಿದ್ದೇನೆ, ಒಂದಲ್ಲ, ಹಲವು. ಹಾಗಾಗಿ ಇದು ನಿಮ್ಮ ಮೇಲೆ ಮಾತ್ರ ಬೆರಳು ತೋರಿಸುವ ಪತ್ರ ಎಂದು ತಿಳಿಯಬೇಡಿ.

ಚರಂಡಿ ಎಂದು ಬರೆದ ಮೇಲೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಚರಂಡಿಗೆ ಎರಡೂ ಕಡೆ ಗೋಡೆ ಬೇಕು, ತಳಕ್ಕೆ ಕಾಂಕ್ರೀಟು ಬೇಕು, ನೀರು ಎಷ್ಟು ಬೇಗ ಕಣ್ಣಿಂದ ಮರೆಯಾದರೆ ಅಷ್ಟು ಒಳ್ಳೆಯದು. ಚರಂಡಿಗೆ ಪೈಪು ಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ, ಚರಂಡಿ ಇರುವುದೇ ಅದಕ್ಕೆ.

ಈಗ ದಾರಿ ಹೇಳುತ್ತೇನೆ. ಮೂಲ ಇಂದ್ರಾಣಿ ತೀರ್ಥ, ಮಣಿಪಾಲದ ಗುಡ್ಡದ ಪಡುವಣ ಇಳಿಜಾರಿನಲ್ಲಿ, ದೇವಿಯ ಸನ್ನಿಧಿ. ಮಣಿಪಾಲ ಎಂಬ ಹೆಸರೂ ನೀರಿನದ್ದೇ, ಮಣ್ಣಪಳ್ಳ ಎಂಬ ಕೆರೆಯಿಂದ ಬಂದದ್ದು. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಶುರು ಮಾಡುವಾಗ ಅದು ಬೋಳು ಕೆಂಪುಕಲ್ಲಿನ ಗುಡ್ಡ. ಕೆಂಪುಕಲ್ಲಿಗೆ ತೂತು ಜಾಸ್ತಿ, ಬಿದ್ದ ಮಳೆಯಲ್ಲಿ ಒಂದು ಪಾಲನ್ನು ಕುಡಿದು ಇಟ್ಟುಕೊಂಡು ಡಿಸೆಂಬರ್ ಜನವರಿಯವರೆಗೆ ಸಣ್ಣಗೆ ಬಿಟ್ಟುಕೊಡುತ್ತದೆ. ನಮ್ಮ ಸುಗ್ಗಿ ಬೆಳೆಯೆಲ್ಲ ಆ ಗುಡ್ಡ ಬಿಟ್ಟುಕೊಟ್ಟ ನೀರಿನಲ್ಲೇ ಆದದ್ದು. ಈಗ ಗುಡ್ಡದ ಮೇಲೆ ಛಾವಣಿ, ರಸ್ತೆ, ಪಾರ್ಕಿಂಗು. ಲೆಕ್ಕದ ಚಟ ಇನ್ನೂ ಬಿಟ್ಟಿಲ್ಲ, ಕ್ಷಮಿಸಿ: ಒಂದು ಎಕರೆ ಸಿಮೆಂಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 4 ಲಕ್ಷ ಲೀಟರ್ ನೀರು, ಅಷ್ಟೂ ಅವತ್ತೇ ಕೆಳಗೆ. ನಮ್ಮಲ್ಲಿ ಆಟಿಯ, ಅಂದರೆ ಜುಲೈ ಆಗಸ್ಟಿನ, ದಿನಗಳಲ್ಲಿ 100 ಮಿಲಿಮೀಟರ್ ಎಂದರೆ ಯಾರೂ ಅಚ್ಚರಿಪಡುವುದಿಲ್ಲ.

ಗುಡ್ಡ ಇಳಿದ ನೀರು ಇಂದ್ರಾಳಿ ದಾಟಿ ಕಲ್ಸಂಕಕ್ಕೆ ಬರುತ್ತದೆ. ಹೆಸರು ನೋಡಿ, ಕಲ್ಲಿನ ಸಂಕ. ಅಲ್ಲಿ ದಾಟಲು ಕಲ್ಲು ಹಾಸಬೇಕಾದಷ್ಟು ನೀರಿತ್ತು ಎಂದೇ ಅರ್ಥ. ಈಗ ದಿನಕ್ಕೆ ಸಾವಿರಾರು ವಾಹನ ಅಲ್ಲಿ ಸಿಗ್ನಲಿಗೆ ನಿಲ್ಲುತ್ತವೆ, ಅಡಿಯಲ್ಲಿ ಹೊಳೆ ಇದೆ ಎಂದು ತಿಳಿಸುವ ಒಂದು ಬೋರ್ಡು ಇಲ್ಲ. ಅಲ್ಲಿಂದ ಮುಂದೆ ಗುಂಡಿಬೈಲು, ಬೈಲಕೆರೆ, ಮಠದಬೆಟ್ಟು ಎನ್ನುವ ಊರುಗಳ ಸುತ್ತು. ಯಾವುದು ಬೆಟ್ಟು, ಯಾವುದು ಬೈಲು, ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ನೀರಿಗೆ ಜಾಗ ಬಿಡಬೇಕು ಎಂದು ಹಿರಿಯರು ಹೆಸರಿನಲ್ಲೇ ಹೇಳಿ ಹೋಗಿದ್ದಾರೆ. ಲೇಔಟಿನವರು ಅದೇ ಬೈಲಿಗೆ ‘ಗಾರ್ಡನ್’ ಎಂದೋ ‘ಎನ್‌ಕ್ಲೇವ್’ ಎಂದೋ ಹೆಸರಿಟ್ಟು ಮಣ್ಣು ತುಂಬಿಸಿದರು, ನಾನು ಸಾಲ ಕೊಟ್ಟೆ. ಹತ್ತು ಸೆಂಟ್ಸ್ ಗದ್ದೆಯನ್ನು ಐದು ಅಡಿ ಎತ್ತರಿಸಿದರೆ 6 ಲಕ್ಷ ಲೀಟರಿಗೂ ಹೆಚ್ಚು ನೀರು ನಿಲ್ಲುವ ಜಾಗ ಹೋಯಿತು. ಆ ನೀರು ಪಕ್ಕದ ಎತ್ತರಿಸದ ಮನೆಗೆ ಹೋಗುತ್ತದೆ. ಆ ಮನೆಯವರೂ ಮುಂದಿನ ವರ್ಷ ಮಣ್ಣು ಹಾಕಿಸುತ್ತಾರೆ.

2020ರ ಸೆಪ್ಟೆಂಬರ್ 20, ಭಾನುವಾರ, ಇದರ ಲೆಕ್ಕವೆಲ್ಲ ಒಂದೇ ಬೆಳಗಿಗೆ ಚುಕ್ತಾ ಆಯಿತು. ರಾತ್ರಿಯಿಡೀ ಸುರಿದ ಮಳೆಗೆ ಪೇಟೆಯೊಳಗೆ ದೋಣಿ ಬಂತು. ಮಹಾಲಯ ಅಮಾವಾಸ್ಯೆ ಕಳೆದು ಮೂರೇ ದಿನ ಆಗಿತ್ತು, ಸಮುದ್ರದ ಉಬ್ಬರ ಜೋರಿರುವ ದಿನಗಳು. ಮೇಲಿನಿಂದ ಗುಡ್ಡದ ನೀರು, ಕೆಳಗೆ ಸಮುದ್ರದ ಒತ್ತು, ನಡುವೆ ಬೈಲೇ ಇಲ್ಲದ ಬೈಲು. ಮಳೆ ಹೆಚ್ಚಾಯಿತು ಎಂದು ಎಲ್ಲರೂ ಹೇಳಿದರು. ಮಳೆ ಹೆಚ್ಚಾದದ್ದು ನಿಜ. ಆದರೆ ಆವತ್ತು ಎದೆಮಟ್ಟ ನೀರಿನಲ್ಲಿ ನಿಂತ ಮನೆಗಳಲ್ಲಿ ಎರಡರ ಸಾಲದ ಫೈಲು ನನ್ನ ಕೈಯಿಂದ ದಾಟಿದ್ದು ಎಂಬುದೂ ನಿಜ. ಒಂದರ ಯಜಮಾನಿತಿ, ಮಾತಾಡಿಸಲು ಹೋದ ನನ್ನನ್ನೇ ಒದ್ದೆ ಬೆಂಚಿನ ಮೇಲೆ ಕೂರಿಸಿ ಚಹಾ ಮಾಡಿಕೊಟ್ಟರು. ‘ನಿಮಗೆ ಎಂತ ಮಾಡ್ಲಿಕ್ಕೆ ಆಗ್ತದೆ ಸರ್, ಕಾಗದ ಸರಿ ಇತ್ತಲ್ಲ’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನೆರೆಯ ಕತೆ ನಿಮಗೆ ಗೊತ್ತಿರುವುದೇ. ಮಾರ್ಚ್‌ಗೆ ಬರುತ್ತೇನೆ.

ಮಾರ್ಚ್‌ನಲ್ಲಿ ಕಲ್ಸಂಕದ ಮೇಲ್ಗಡೆ ಹರಿವು ಹೆಸರಿಗೆ ಮಾತ್ರ. ಆದರೂ ಕೆಳಗೆ ಹೋದ ಹಾಗೆ ತೋಡಿನಲ್ಲಿ ನೀರು ಕಾಣಿಸುತ್ತದೆ. ಮಳೆ ಇಲ್ಲ, ಒರತೆ ಇಲ್ಲ, ಮತ್ತೆ ಈ ನೀರು ಎಲ್ಲಿಂದ? ಎರಡೂ ಬದಿಯ ಗೋಡೆಗಳನ್ನು ನೋಡುತ್ತ ನಡೆದರೆ ಉತ್ತರ ಸಿಗುತ್ತದೆ. ಮೂರಿಂಚಿನ ಪಿವಿಸಿ, ನಾಲ್ಕಿಂಚಿನ ಪಿವಿಸಿ, ಆರಿಂಚಿನದ್ದು. ಕೆಲವು ಗೋಡೆಯ ಬುಡದಲ್ಲಿ ಹುಲ್ಲಿನ ಮರೆಯಲ್ಲಿ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಸೋಪಿನ ನೊರೆ, ಮಧ್ಯಾಹ್ನದ ಮೇಲೆ ಅಡುಗೆಮನೆಯ ಎಣ್ಣೆ. ರಾತ್ರಿಯದ್ದನ್ನು ಮೂಗೇ ಹೇಳುತ್ತದೆ. ಶೌಚಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿ ಕರೆದರೆ ದುಡ್ಡು. ತೋಡಿನ ಕಡೆಗೊಂದು ಓವರ್‌ಫ್ಲೋ ಪೈಪು ಇಟ್ಟರೆ ಜೀವನಪೂರ್ತಿ ಪುಕ್ಕಟೆ.

ಮಲ ಹೊರುವ ಪದ್ಧತಿಯನ್ನು ಎಲ್ಲರಿಗಿಂತ ಮೊದಲು ಕೈಬಿಟ್ಟ ಪೇಟೆಗಳಲ್ಲಿ ಒಂದು ಎಂಬ ಹೆಸರು ಉಡುಪಿಗಿದೆ, ಡಾ. ವಿ.ಎಸ್. ಆಚಾರ್ಯರು ಪುರಸಭೆಯಲ್ಲಿದ್ದ ಕಾಲದ್ದು. ಆ ಹೆಮ್ಮೆ ನನಗೂ ಇದೆ. ಮನುಷ್ಯರ ತಲೆಯ ಮೇಲಿಂದ ಇಳಿಸಿದ್ದನ್ನು ನಾವು ಈಗ ಹೊಳೆಯ ತಲೆಯ ಮೇಲೆ ಇಟ್ಟಿದ್ದೇವೆ ಎಂದು ಮಾತ್ರ ಹೇಳುತ್ತೇನೆ.

ಶುದ್ಧೀಕರಣ ಘಟಕ ಇದೆಯಲ್ಲ ಎನ್ನುತ್ತೀರಿ. ಇದೆ, ನಿಟ್ಟೂರಿನಲ್ಲಿ. ಅದರ ಬಗ್ಗೆ ಆಪಾದನೆ ಮಾಡಲು ನಾನು ತಜ್ಞನಲ್ಲ. ಪುಸ್ತಕದಲ್ಲಿ ಇರುವ ಹಾಗೆಯೇ ಅದು ಕೆಲಸ ಮಾಡುತ್ತದೆ ಎಂದು ಇಟ್ಟುಕೊಳ್ಳೋಣ. ಕೊಳೆಯನ್ನು ಅಳೆಯಲು ಬಿಒಡಿ ಎಂಬ ಅಳತೆ ಇದೆ. ನೀರಿನಲ್ಲಿರುವ ಹೊಲಸನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಜನ ಇಳಿದು ಸ್ನಾನ ಮಾಡುವ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಮಹಾನಗರ ಅಲ್ಲದ ಊರಿನ ಶುದ್ಧೀಕರಣ ಘಟಕ ಹೊರಬಿಡುವ ನೀರಿಗೆ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹಾಕಿದ ಮಿತಿ 30. ಅಂದರೆ ಘಟಕದ ಒಂದು ಕೊಡ ನೀರು ಸ್ನಾನಕ್ಕೆ ಯೋಗ್ಯವಾಗಬೇಕಾದರೆ ಒಂಬತ್ತು ಕೊಡ ಶುದ್ಧ ನೀರು ಬೆರೆಯಬೇಕು. ಜುಲೈಯಲ್ಲಿ ಒಂಬತ್ತಲ್ಲ, ತೊಂಬತ್ತು ಕೊಡ ಇರುತ್ತದೆ. ಮಾರ್ಚ್‌ನಲ್ಲಿ ಬೆರೆಯಲು ಏನಿದೆ? 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಮಿತಿ ಸಾಲದು, 10ಕ್ಕೆ ಇಳಿಸಿ ಎಂದಿತು. ಹತ್ತನ್ನೇ ಹಿಡಿದರೂ ಎರಡು ಕೊಡಕ್ಕಿಂತ ಹೆಚ್ಚು ಶುದ್ಧ ನೀರು ಬೇಕು, ಅದೂ ಮಾರ್ಚ್‌ನ ಇಂದ್ರಾಣಿಯಲ್ಲಿ ಇಲ್ಲ. ಎಲ್ಲರೂ ನಿಯಮ ಪಾಲಿಸಿಯೂ ಹೊಳೆ ಸಾಯುವುದು ಹೀಗೆ. ಜುಲೈಯಲ್ಲಿ ಮಾತ್ರ ಬಂದವರಿಗೆ ಇದು ಕಾಣುವುದಿಲ್ಲ.

ಹೆದ್ದಾರಿಯ ಅಡಿಯಿಂದ ಪಡುವಣಕ್ಕೆ ದಾಟಿದರೆ ನಮ್ಮ ಕಡೆ. ಅಲ್ಲಿ ಕಂಬಳಕಟ್ಟ ಎಂಬ ಜಾಗ ಇದೆ, ಹೆಸರು ಇದೆ. ಬಾವಿಗಳು ಇವೆ. ನಮ್ಮ ಬಾವಿಯ ನೀರನ್ನು ಕುಡಿಯಲು ಬಿಟ್ಟು ಬಹಳ ವರ್ಷವಾಯಿತು. ಹತ್ತಿಪ್ಪತ್ತು ಹೆಜ್ಜೆ ದೂರದ ತೋಡಿನ ನೀರು ಮರಳು ಮಣ್ಣಿನಲ್ಲಿ ಬಾವಿಗೆ ಬರುವುದಕ್ಕೆ ಯಾರ ಅಪ್ಪಣೆಯೂ ಬೇಡ. 2019ರ ಮೇ ತಿಂಗಳು ನೆನಪಿದೆಯಲ್ಲ? ಸ್ವರ್ಣಾ ನದಿಯ ಬಜೆ ಅಣೆಕಟ್ಟೆ ಬತ್ತಿ, ಪೇಟೆಗೆ ಸರದಿಯ ಮೇಲೆ ನೀರು ಬಿಟ್ಟ ಬೇಸಿಗೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು, ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತಿತು. ಆಗ ನಮ್ಮ ಬೈಲಿನ ಬಾವಿಗಳಲ್ಲಿ ನೀರಿತ್ತು, ಕುಡಿಯುವ ಹಾಗಿರಲಿಲ್ಲ.

ಕಲ್ಮಾಡಿಯ ಹತ್ತಿರ ಹೊಳೆ ಅಗಲವಾಗುತ್ತದೆ, ಉಬ್ಬರ ಇಳಿತ ಶುರುವಾಗುತ್ತದೆ, ಗಾಳಿಯಲ್ಲಿ ಮಲ್ಪೆಯ ವಾಸನೆ. ಮೊದಲು ಇಳಿತದ ಹೊತ್ತಿಗೆ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಹಾಗೆ ಹೆಕ್ಕುತ್ತಿದ್ದ ಒಬ್ಬ ಅಜ್ಜಿ ಕಳೆದ ವರ್ಷ ಸಿಕ್ಕಿದ್ದರು. ನಾನು ನೀರಿನ ಅಂಚಿಗೆ ಹೋಗುವುದನ್ನು ಕಂಡು ಕೂಗಿದರು: “ಅಣ್ಣಾ, ಅದಕ್ಕೆ ಕಾಲು ಹಾಕಬೇಡಿ. ಆಮೇಲೆ ಎಂಟು ದಿನ ತುರಿಸ್ತದೆ.”

ಕಾನೂನಿನ ಮಾತೂ ಸ್ವಲ್ಪ ಆಡುತ್ತೇನೆ, ಬ್ಯಾಂಕಿನವನಿಗೆ ಕಲಮು ಹೇಳದಿದ್ದರೆ ಸಮಾಧಾನವಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964, ಅದರ 67ನೇ ಕಲಮಿನ ಪ್ರಕಾರ ಹೊಳೆ ತೋಡುಗಳ ತಳ ಸರ್ಕಾರದ ಸ್ವತ್ತು. ಅಂದರೆ ಸರ್ವೆ ನಕ್ಷೆಯಲ್ಲಿ ಹೊಳೆಗೆ ಇರುವ ಅಗಲ ಯಾರ ಕಾಂಪೌಂಡಿನೊಳಗೂ ಸೇರುವಂತಿಲ್ಲ. ಇನ್ನೊಂದು, 1974ರ ಜಲಮಾಲಿನ್ಯ ಕಾಯ್ದೆ. ಅದರ 24ನೇ ಕಲಮು ಹೊಳೆಗೆ ಹೊಲಸು ಬಿಡುವುದನ್ನು ನಿಷೇಧಿಸುತ್ತದೆ. ಹೊಳೆ ಎಂದರೆ ಯಾವುದು ಎಂದು ಹೇಳುವಾಗ ಆ ಕಾಯ್ದೆ ಬರೆದವರು ನೀರಿನ ಹರಿವು ‘ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ’ ಎಂಬ ಅರ್ಥದ ಮಾತನ್ನು ಸೇರಿಸಿದ್ದಾರೆ. ಅದನ್ನು ಬರೆದವರು ಯಾರೋ, ಮಾರ್ಚ್‌ನಲ್ಲಿ ಹೊಳೆ ನೋಡಿದವರೇ ಇರಬೇಕು.

ನೆರೆಕರೆಯವರಲ್ಲಿ ಒಂದು ಮಾತು. ಬೇಸರ ಮಾಡಬೇಡಿ. ಎರಡು ವರ್ಷದ ಹಿಂದೆ ದಡದ ಪೈಪುಗಳನ್ನು ಎಣಿಸೋಣ ಎಂದು ಹೊರಟವ ನಮ್ಮದೇ ಗೋಡೆಯ ಹಿಂಬದಿಯಿಂದ ಶುರು ಮಾಡಿದೆ. ಮೊದಲನೆಯ ಪೈಪು ನಮ್ಮದೇ. ವಾಷಿಂಗ್ ಮೆಷಿನ್ನಿನ ನೀರು, ಪ್ಲಂಬರ್ ಯಾವಾಗಲೋ ‘ಹತ್ತಿರ ಆಗ್ತದೆ’ ಎಂದು ತೋಡಿಗೆ ಬಿಟ್ಟಿದ್ದ. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಅದನ್ನು ತಿರುಗಿಸಿ ತೆಂಗಿನ ಬುಡದ ಇಂಗುಗುಂಡಿಗೆ ಕೊಟ್ಟೆವು, ಖರ್ಚು ದೊಡ್ಡದೇನಲ್ಲ. ಎರಡನೆಯ ಪೈಪಿನ ಮನೆಯವ ನನ್ನ ಬಾಲ್ಯದ ಗೆಳೆಯ, ಎರಡು ತಿಂಗಳು ಮಾತು ಬಿಟ್ಟಿದ್ದ. ಈಗ ಮಾತಾಡುತ್ತಾನೆ. ಪೈಪು ಇನ್ನೂ ಇದೆ.

ಅಧಿಕಾರಿಗಳೇ, ನಾನು ಹೊಸ ಯೋಜನೆ ಕೇಳುತ್ತಿಲ್ಲ. ಕೋಟಿಯ ಲೆಕ್ಕದ ತಡೆಗೋಡೆ ಬೇಡ. ದಯವಿಟ್ಟು ತಳಕ್ಕೆ ಕಾಂಕ್ರೀಟಂತೂ ಬೇಡವೇ ಬೇಡ, ಇಂಗುವ ಅಷ್ಟಿಷ್ಟು ನೀರೂ ಇಂಗದೆ ಬಾವಿಗಳು ಬತ್ತುತ್ತವೆ. ಹಳೆಯ ಸರ್ವೆ ನಕ್ಷೆ ತೆಗೆದು ಹೊಳೆಯ ಅಗಲ ಅಳೆದು ಎರಡೂ ಕಡೆ ಗಡಿಕಲ್ಲು ನೆಡಿ, ಅದಕ್ಕೆ ಟೆಂಡರು ಬೇಕಾಗಿಲ್ಲ. ಕಲ್ಸಂಕದಲ್ಲಿ, ಹೆದ್ದಾರಿಯ ಮೋರಿಯ ಹತ್ತಿರ, ಕಲ್ಮಾಡಿಯಲ್ಲಿ ತಿಂಗಳಿಗೊಮ್ಮೆ ನೀರು ಪರೀಕ್ಷೆ ಮಾಡಿಸಿ, ಸಂಖ್ಯೆಯನ್ನು ಅಲ್ಲೇ ಬೋರ್ಡಿನ ಮೇಲೆ ಬರೆಯಿರಿ. ಆ ಬೋರ್ಡಿನ ತಲೆಗೆ ‘ಇಂದ್ರಾಣಿ ಹೊಳೆ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದರೆ ಒಳ್ಳೆಯದು. ಮತ್ತೆ, ಬೈಲಿನಲ್ಲಿ ಇನ್ನೂ ಮಣ್ಣು ಬೀಳದ ಗದ್ದೆ ಅಲ್ಲಲ್ಲಿ ಉಳಿದಿದೆ. ಅದಕ್ಕೆ ಕನ್ವರ್ಷನ್ ಅರ್ಜಿ ಬಂದಾಗ ಚಕ್ಕುಬಂದಿಯ ಸಾಲನ್ನು ಒಮ್ಮೆ ನಿಧಾನವಾಗಿ ಓದಿ. ನಾನು ಓದದೆ ಬಿಟ್ಟ ಸಾಲು ಅದು.

ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಇಂದ್ರಾಣಿ ತೀರ್ಥದ ಹತ್ತಿರ ಇರುತ್ತೇನೆ. ಬಿಸಿಲು ಏರುವ ಮೊದಲು ಕಲ್ಸಂಕ ದಾಟಬೇಕು, ಮಧ್ಯಾಹ್ನ ನಮ್ಮ ಮನೆಯಲ್ಲಿ ಗಂಜಿ ಊಟ, ಇಳಿಹೊತ್ತಿಗೆ ಕಲ್ಮಾಡಿ. ಜೀಪು ಬೇಡ, ಕೆಲವು ಕಡೆ ಗೋಡೆಯ ಮೇಲೆ ನಡೆಯಬೇಕಾಗುತ್ತದೆ. ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.

ಇತಿ,
ಕೊಡವೂರಿನ ಒಬ್ಬ ನಿವೃತ್ತ ಬ್ಯಾಂಕ್ ನೌಕರ